ಅಪ್‌ಡೇಟ್: ಹಳೇ ಬೇಲರ್ ಸಾಂಗ್ಲಿಯಿಂದ ಮುಧೋಳಕ್ಕೆ ಬಂತು

ಕಬ್ಬಿನ ರವದಿ (ಒಣ ಸೋಗೆ) ಕಟ್ಟಲು ಸಾಂಗ್ಲಿ ಕಡೆ ಹಳೇ ಚೌಕ ಬೇಲರ್, ಅಂದ್ರೆ ರವದಿಯನ್ನು ಒತ್ತಿ ಚೌಕ ಕಟ್ಟು ಮಾಡಿ ದಾರ ಬಿಗಿಯುವ ಯಂತ್ರ, ತಗೊಂಡಿದ್ದೆ, ಮುಧೋಳಕ್ಕೆ ಹೇಗೆ ತರುವುದು ಅಂತ ಕೇಳಿದ್ದೆನಲ್ಲ, ಅದರ ಕಥೆ ಇದು.

ಟ್ರ್ಯಾಕ್ಟರ್ ಹಿಂದೆ ಎಳೆದುಕೊಂಡು ಬನ್ನಿ ಅಂದವರ ಮಾತು ಕೇಳಿ ಕೆಟ್ಟೆ. ಊರು ದಾಟುವ ಮೊದಲೇ ಟೈರ್ ಸೀಳಿತು. ಟೈರಿನ ಹಲ್ಲು ಚೆನ್ನಾಗಿದ್ದವು, ಆದರೆ ಬದಿಯ ರಬ್ಬರ್ ತುಂಬಾ ಬಿರುಕು. ಕೊನೆಗೆ ಕೈಹಿಡಿದದ್ದು ಲಾರಿಗೆ ಹೇರಿ ತನ್ನಿ ಅಂದ ಅಣ್ಣನ ಸಲಹೆ. ಅವರು ಹೇಳಿದಂತೆಯೇ ಪಿಟಿಒ ಶಾಫ್ಟ್ (ಟ್ರ್ಯಾಕ್ಟರ್ ಶಕ್ತಿಯನ್ನು ಬೇಲರ್‌ಗೆ ಕೊಡುವ ದಂಡ) ಬಿಚ್ಚಿ, ಫ್ಲೈವೀಲ್ ಅನ್ನೋ ಭಾರದ ಚಕ್ರ ತಿರುಗದಂತೆ ಹಗ್ಗ ಬಿಗಿದು, ನೆಲದಿಂದ ರವದಿ ಎತ್ತುವ ಪಿಕಪ್ ಭಾಗವನ್ನು ಮೇಲೆತ್ತಿ ಕಟ್ಟಿದೆವು.

ಸೋಜಿಗ ಅಂದ್ರೆ, ಗಂಟು ಬೀಳುತ್ತಿಲ್ಲ, ನಾಟರ್ (ದಾರಕ್ಕೆ ಗಂಟು ಹಾಕುವ ಭಾಗ) ಪೂರಾ ಬದಲಿಸಿ ಅಂದಿದ್ದರು ಮಾರಿದವರು. ನೋಡಿದರೆ ನಾಟರ್‌ನ ಕೊಕ್ಕೆಗೆ ಬರೀ ತುಕ್ಕು! ಪಾಲಿಶ್ ಪೇಪರ್‌ನಿಂದ ನುಣ್ಣಗೆ ಉಜ್ಜಿ, ದಾರ ಕತ್ತರಿಸುವ ಬ್ಲೇಡು ಮಸೆದೆ. ಈಗ ಹತ್ತಕ್ಕೆ ಒಂಬತ್ತು ಕಟ್ಟು ಗಟ್ಟಿ. ಹೊರೆ ಹೆಚ್ಚಾದರೆ ತಾನೇ ಮುರಿದು ಯಂತ್ರ ಉಳಿಸುವ ಶಿಯರ್ ಬೋಲ್ಟ್ ಜಾಗದಲ್ಲಿ ಯಾರೋ ಪುಣ್ಯಾತ್ಮರು ಗಟ್ಟಿ ಬೋಲ್ಟ್ ಜಡಿದಿದ್ದರು, ಕಲ್ಲು ಸಿಕ್ಕಿದ್ದರೆ ಗೇರ್‌ಬಾಕ್ಸೇ ಹೋಗುತ್ತಿತ್ತು. ಅದನ್ನೂ ಬದಲಿಸಿದೆ.