ನಮ್ಮಲ್ಲೇ ಡಿಸೈನ್ ಆದ ಸರಳ ಯುಟಿಲಿಟಿ ಗಾಡಿ ಬಂದರೆ ಸಣ್ಣ ಪಾರ್ಟ್ಸ್ ತಯಾರಕರಿಗೆ ನಿಜವಾಗ್ಲೂ ಕೆಲಸ ಸಿಗುತ್ತಾ?

ಪ್ರೆಸ್‌ಶಾಪ್

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನನ್ನದು ಸಣ್ಣ ಪ್ರೆಸ್ ಶಾಪ್. ನಾಲ್ಕು ಪವರ್ ಪ್ರೆಸ್, ಶೀಟ್ ಮಡಿಸುವ ಒಂದು ಪ್ರೆಸ್ ಬ್ರೇಕ್, ಮೂರು ಮಿಗ್ ವೆಲ್ಡಿಂಗ್ ಸೆಟ್. ಬ್ರಾಕೆಟ್, ಕ್ಲ್ಯಾಂಪ್, ಬ್ಯಾಟರಿ ಟ್ರೇ, ಇಂಥವನ್ನೇ ಮಾಡುತ್ತೇವೆ. ಗಾಡಿಯ ಡಿಸೈನ್ ಎಲ್ಲೋ ದೂರದಲ್ಲಿ ಮುಗಿದುಹೋಗಿರುತ್ತದೆ, ನಮ್ಮ ಕೈಗೆ ಬರೋದು ಬರೀ ಡ್ರಾಯಿಂಗ್. ಅದರಲ್ಲಿ ಬರೆದಿರುವ ಗ್ರೇಡಿನ ಶೀಟ್ ಹತ್ತಿರದಲ್ಲಿ ಎಲ್ಲೂ ಸಿಗೋದಿಲ್ಲ. ಈ ಮೂಲೆಯ ರೇಡಿಯಸ್ ಒಂದು ಮಿಮೀ ಜಾಸ್ತಿ ಮಾಡಿ, ಬಿರುಕು ಬಿಡೋದು ನಿಲ್ಲುತ್ತದೆ ಅಂತ ಹೇಳಿದರೆ ಕೇಳುವವರಿಲ್ಲ. ಬದಲಾಯಿಸುವ ಅಧಿಕಾರ ಇರುವವರ ಜೊತೆ ಮಾತಾಡಲು ನಮಗೆ ದಾರಿಯೇ ಇಲ್ಲ. ಒಂದು ಕಂಪನಿಗೆ ಅಂತ ಏಳು ಡೈ (ಶೀಟನ್ನು ಒತ್ತಿ ಆಕಾರ ಕೊಡುವ ಅಚ್ಚು) ಮಾಡಿಸಿದ್ದೆ, ಎರಡನೇ ವರ್ಷಕ್ಕೇ ಆ ಮಾಡೆಲ್ ನಿಂತುಹೋಯಿತು. ಡೈಗಳು ಈಗಲೂ ಎಣ್ಣೆ ಸವರಿಸಿಕೊಂಡು ರ್ಯಾಕಿನಲ್ಲಿ ಕೂತಿವೆ. ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಇದನ್ನೆಲ್ಲ ತಿರುಗಿಸಿ ನೋಡಿದರೆ ಹೇಗೆ? ಒಂದು ಟನ್ ಹೊರುವ, ಲ್ಯಾಡರ್ ಚಾಸಿಯ (ಏಣಿಯಂಥ ಉಕ್ಕಿನ ಅಡಿಗಟ್ಟಿನ) ಸಾದಾ ಗಾಡಿ. ಮೊದಲು ನಮ್ಮಂಥ ಶಾಪ್‌ಗಳು ಏನು ಮಾಡಬಲ್ಲವು ಅಂತ ನೋಡಿ, ಆಮೇಲೆ ಡಿಸೈನ್ ಶುರು ಮಾಡೋದು. ಬೇರೆ ದೇಶಗಳಲ್ಲಿ ಇಂಥದ್ದು ಆಗಿದೆಯಾ? ಎಲ್ಲಿ ಸರಿಹೋಯಿತು, ಎಲ್ಲಿ ಕೆಟ್ಟಿತು? ಯಾವ ಪಾರ್ಟ್‌ನಿಂದ ಶುರು ಮಾಡಬೇಕು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಟೂಲ್‌ರೂಮ್_ಹಳಬ

ಆಗಿದೆ, ಚೆನ್ನಾಗಿಯೇ ಆಗಿದೆ. 1977ರಲ್ಲಿ ಇಂಡೋನೇಷ್ಯಾದಲ್ಲಿ ಟೊಯೋಟಾ ಕಿಜಾಂಗ್ ಬಂತು. ಕಿಜಾಂಗ್ ಅಂದರೆ ಅವರ ಭಾಷೆಯಲ್ಲಿ ಕಾಡುಕುರಿ. ಮೊದಲ ಕಿಜಾಂಗ್‌ನ ಫೋಟೋ ಹುಡುಕಿ ನೋಡಿ, ಪೆಟ್ಟಿಗೆಗೆ ಚಕ್ರ ಹಾಕಿದ ಹಾಗಿದೆ. ಬಾಡಿ ಪೂರ್ತಿ ನೇರ ಗೆರೆ, ಸಪಾಟು ಶೀಟ್. ಬಾಗಿಲಿನ ಹಿಂಜ್ ಹೊರಗೇ ಕಾಣುತ್ತದೆ. ಅದೇ ಹೊತ್ತಿಗೆ ಫಿಲಿಪೀನ್ಸ್‌ನಲ್ಲಿ ಟಮರಾವ್ ಅಂತ ಅದರ ಅಣ್ಣತಮ್ಮನಂಥ ಗಾಡಿ ಬಂತು.

ಸಪಾಟು ಬಾಡಿ ಯಾಕೆ ಅಂತ ನಿಮಗೆ ಗೊತ್ತೇ ಇರುತ್ತದೆ, ಬೇರೆಯವರಿಗಾಗಿ ಬರೆಯುತ್ತೇನೆ. ಈಗಿನ ಕಾರಿನ ಬಾಗಿಲಿನ ಹೊರ ಶೀಟ್ ತೆಗೆದುಕೊಳ್ಳಿ. ಮೊದಲು ಡ್ರಾ (ಶೀಟನ್ನು ಒತ್ತಿ ಆಕಾರಕ್ಕೆ ಎಳೆಯೋದು), ಆಮೇಲೆ ಅಂಚು ಕತ್ತರಿಸೋದು, ಆಮೇಲೆ ಅಂಚು ಮಡಿಸೋದು, ತೂತು ಹೊಡೆಯೋದು. ಒಂದೇ ಶೀಟಿಗೆ ನಾಲ್ಕು ದೊಡ್ಡ ಡೈ ಬೇಕು, ಒಂದೊಂದೂ ಟನ್‌ಗಟ್ಟಲೆ ತೂಕ. ಅವನ್ನು ಕೂರಿಸಲು ನೂರಾರು ಟನ್ ಪ್ರೆಸ್ ಬೇಕು. ವರ್ಷಕ್ಕೆ ಲಕ್ಷ ಗಾಡಿ ಹೋದರೆ ಆ ಖರ್ಚು ಹಂಚಿಕೊಂಡು ಹೋಗುತ್ತದೆ. ಐದು ಸಾವಿರ ಗಾಡಿಗೆ ಹಂಚಿದರೆ ಡೈಗಳೇ ಗಾಡಿಯನ್ನು ತಿಂದುಹಾಕುತ್ತವೆ. ಅದೇ ಬಾಗಿಲನ್ನು ಸಪಾಟಾಗಿ ಬರೆದು, ಪ್ರೆಸ್ ಬ್ರೇಕಿನಲ್ಲಿ ಮೂರು ಬೆಂಡ್ ಹಾಕಿ, ನಡುವೆ ಎರಡು ಉದ್ದನೆ ಬೀಡ್ (ಉಬ್ಬು ಗೆರೆ) ಎಬ್ಬಿಸಿದರೆ ಮುಗಿಯಿತು. ಬೀಡ್ ಮಾತ್ರ ಮರೆಯಬೇಡಿ. ಸಪಾಟು ಶೀಟ್ ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಡಬ್ ಅಂತ ವಾಪಸ್ ಬರುತ್ತದೆ, ಗಾಡಿ ಓಡುವಾಗ ಅದೇ ಸದ್ದು ತಲೆ ತಿನ್ನುತ್ತದೆ. ಎರಡು ಬೀಡ್ ಬಿದ್ದರೆ ಅದೇ ಶೀಟ್ ಬಿಗಿಯಾಗಿ ನಿಲ್ಲುತ್ತದೆ, ದಪ್ಪ ಜಾಸ್ತಿ ಮಾಡಬೇಕಾಗಿಲ್ಲ.

ಜನರಲ್ ಮೋಟಾರ್ಸ್ ಕೂಡ 70ರ ದಶಕದಲ್ಲಿ ಇದೇ ಯೋಚನೆಯಲ್ಲಿ ಒಂದು ಗಾಡಿ ಮಾಡಿತ್ತು. ಎಂಜಿನ್, ಗೇರ್‌ಬಾಕ್ಸ್ ಹೊರಗಿನಿಂದ, ಬಾಡಿ ಆಯಾ ದೇಶದ ಶೀಟ್‌ಮೆಟಲ್ ಶಾಪ್‌ನಿಂದ. ಮಲೇಷ್ಯಾದಲ್ಲಿ ಹರಿಮಾವು, ಈಕ್ವೆಡಾರಿನಲ್ಲಿ ಆಂಡಿನೋ, ಹೀಗೆ ಒಂದೊಂದು ಕಡೆ ಒಂದೊಂದು ಹೆಸರು. ಅದು ಬಹಳ ದಿನ ಬಾಳಲಿಲ್ಲ, ಕಿಜಾಂಗ್ ಬಾಳಿತು. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಷ್ಟೇ: ಕಿಜಾಂಗ್ ಸರಳವಾಗಿ ಶುರುವಾಯಿತು, ಆದರೆ ಸರಳವಾಗಿಯೇ ಕೂತಿರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಬಾಡಿ ಸುಧಾರಿಸಿತು, ಪಾರ್ಟ್ಸ್ ಮಾಡುವವರೂ ಅದರ ಜೊತೆಗೇ ಕಲಿತರು. 2000ದಲ್ಲಿ ಭಾರತಕ್ಕೆ ಬಂದ ಕ್ವಾಲಿಸ್ ಆ ಕಿಜಾಂಗ್‌ನ ಮೂರನೇ ತಲೆಮಾರು. ಕಾಡುಕುರಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ!

ಇನ್ನೊಂದು ಉದಾಹರಣೆ 2005ರ ಟಾಟಾ ಏಸ್. ಅದರ 702 ಸಿಸಿ ಎರಡು ಸಿಲಿಂಡರ್ ಎಂಜಿನ್ ಹೊಸದಾಗಿ ಸೊನ್ನೆಯಿಂದ ಹುಟ್ಟಿದ್ದಲ್ಲ. ಇಂಡಿಕಾದ 1405 ಸಿಸಿ ನಾಲ್ಕು ಸಿಲಿಂಡರ್ ಎಂಜಿನ್ನಿನ ಅರ್ಧ. ಆಗಲೇ ಕೈಯಲ್ಲಿರುವ ಕೆಲಸದ ಮೇಲೆ ಹೊಸ ಗಾಡಿ ಕಟ್ಟೋದು ಅಂದರೆ ಇದು.

ನಿಮ್ಮ ಕೊನೇ ಪ್ರಶ್ನೆಗೆ ನನ್ನ ಉತ್ತರ: ಚಾಸಿ ಕ್ರಾಸ್ ಮೆಂಬರ್ (ಅಡ್ಡಪಟ್ಟಿ), ಬ್ರಾಕೆಟ್, ಲೋಡ್ ಬಾಡಿ, ಸೀಟ್ ಫ್ರೇಮ್, ಇಂಧನ ಟ್ಯಾಂಕ್, ಸೈಲೆನ್ಸರ್, ಲೀಫ್ ಸ್ಪ್ರಿಂಗ್, ವೈರಿಂಗ್. ಇಲ್ಲಿಂದ ಶುರು ಮಾಡಿ. ಎಂಜಿನ್ ಕೊಂಡುಕೊಳ್ಳಿ. ಅದಕ್ಕೆ ಕೈ ಹಾಕಿದರೆ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ.

ಖರೀದಿ_ವಿಭಾಗ

ಹಳಬರು ಹೇಳಿದ್ದು ಸರಿ. ಆದರೆ ನಾನು ಹದಿನಾಲ್ಕು ವರ್ಷ ಮೇಜಿನ ಆ ಕಡೆ ಕೂತು ಪಾರ್ಟ್ಸ್ ಕೊಂಡವನು, ಒಂದು ಮಾತು ಹೇಳಲೇಬೇಕು. ನಮ್ಮಲ್ಲೇ ಮಾಡಿದ್ದು ಅನ್ನುವ ಲೆಕ್ಕ ಹೇಗೆ ಹಾಕುತ್ತಾರೆ ಅನ್ನೋದನ್ನ ಮೊದಲು ನೋಡಿ. ಹೆಡ್‌ಲ್ಯಾಂಪ್ ಒಂದು ಊರಿನ ಕಂಪನಿಯಿಂದ ಬಂದರೆ ಪೂರ್ತಿ ಬೆಲೆ ಸ್ಥಳೀಯ ಅಂತ ಬರೆದುಬಿಡುತ್ತಾರೆ. ಬಿಚ್ಚಿ ನೋಡಿದರೆ ಎಲ್‌ಇಡಿ, ಅದರ ಡ್ರೈವರ್ ಬೋರ್ಡ್, ಲೆನ್ಸಿನ ಪ್ಲಾಸ್ಟಿಕ್ ಕಾಳು, ಎಲ್ಲ ಹೊರಗಿನದು. ಇಲ್ಲಿ ಆಗಿದ್ದು ಮೌಲ್ಡಿಂಗ್ ಮತ್ತು ಜೋಡಣೆ. ನೂರಕ್ಕೆ ಎಂಬತ್ತು ಅಂತ ಕಾಗದದಲ್ಲಿ ಇದ್ದದ್ದು ಒಂದೊಂದೇ ಹಂತ ಕೆಳಗಿಳಿದು ಎಣಿಸಿದರೆ ಅರ್ಧಕ್ಕೆ ಬಂದದ್ದನ್ನ ನಾನೇ ಕೂತು ಲೆಕ್ಕ ಹಾಕಿದ್ದೇನೆ. ಹಾಗಾಗಿ ಮೊದಲನೇ ಹಂತದ, ಅಂದರೆ ಗಾಡಿ ಕಂಪನಿಗೆ ನೇರವಾಗಿ ಕೊಡುವ ಸರಬರಾಜುದಾರರನ್ನ ಮಾತ್ರ ಎಣಿಸಿದರೆ ಪ್ರೆಸ್‌ಶಾಪ್ ಅವರಂಥವರಿಗೆ ಏನೂ ಸಿಗೋದಿಲ್ಲ.

2002ರ ಮಹೀಂದ್ರಾ ಸ್ಕಾರ್ಪಿಯೋ ನೋಡಿ. ನಮ್ಮದೇ ಡಿಸೈನ್, ಒಳ್ಳೇ ಗಾಡಿ, ನನಗೆ ಅದರ ಬಗ್ಗೆ ಅಭಿಮಾನ ಇದೆ. ಅದರಲ್ಲಿ ಇಡೀ ಇಡೀ ಸಿಸ್ಟಮ್‌ಗಳ ಡಿಸೈನನ್ನೇ ದೊಡ್ಡ ಸರಬರಾಜುದಾರರಿಗೆ ಒಪ್ಪಿಸಿದರು. ಖರ್ಚು ಹಿಡಿತದಲ್ಲಿ ಇಡಲು ಅದು ಜಾಣತನ. ಆದರೆ ಅಂಥ ಕೆಲಸ ಹೊರುವ ಶಕ್ತಿ ಇರೋದು ದೊಡ್ಡವರಿಗೆ. ಸಣ್ಣ ಶಾಪ್‌ಗಳನ್ನ ಬೆಳೆಸೋದೇ ಉದ್ದೇಶ ಆದರೆ ಗಾಡಿ ಕಂಪನಿಯೇ ಕೆಳಗಿಳಿದು ಬಂದು ಕೈಹಿಡಿದು ಕಲಿಸಬೇಕು.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಲೀಫ್ ಸ್ಪ್ರಿಂಗ್ ತುದಿಯ ಸುರುಳಿ ತೂತಿನಲ್ಲಿ ಕೂರುವ ರಬ್ಬರ್ ಬುಶ್. ಹೊರಗೆ ಕಬ್ಬಿಣದ ಕೊಳವೆ, ಒಳಗೆ ಇನ್ನೊಂದು, ನಡುವೆ ರಬ್ಬರ್ ಅಂಟಿರಬೇಕು. ಒಬ್ಬ ಸಣ್ಣ ತಯಾರಕರ ಮಾಲು ಮೂರು ಸಲ ರಿಜೆಕ್ಟ್ ಆಯಿತು. ಗಟ್ಟಿತನ ಸರಿ, ಅಳತೆ ಸರಿ, ಆದರೂ ಗಾಡಿಯಲ್ಲಿ ಕೆಲವೇ ತಿಂಗಳಿಗೆ ಬಿಟ್ಟುಕೊಳ್ಳುತ್ತಿತ್ತು. ಕೊನೆಗೆ ನಾನೇ ಅವರ ಶೆಡ್ಡಿಗೆ ಹೋದೆ. ಬುಶ್ ಒಂದನ್ನ ಪ್ರೆಸ್ಸಿನಲ್ಲಿ ಇಟ್ಟು ಒಳಗಿನ ಕೊಳವೆ ಒತ್ತಿ ಕಿತ್ತು ನೋಡಿದೆವು. ಅಂಟು ಚೆನ್ನಾಗಿದ್ದರೆ ರಬ್ಬರೇ ಹರಿಯಬೇಕು, ಕಬ್ಬಿಣದ ಮೇಲೆ ಕಪ್ಪು ರಬ್ಬರ್ ಉಳಿಯಬೇಕು. ಇಲ್ಲಿ ಕೊಳವೆ ಬೆಳ್ಳಿಯ ಹಾಗೆ ಹೊಳೆಯುತ್ತಾ ಹೊರಗೆ ಬಂತು. ಕಾರಣ ಏನು ಗೊತ್ತಾ? ಕೊಳವೆಗೆ ಅಂಟುದ್ರವ ಹಚ್ಚುವ ಹುಡುಗ ಬರಿಗೈಯಲ್ಲಿ ಹಿಡಿಯುತ್ತಿದ್ದ. ಕೈಯ ಬೆವರು, ಎಣ್ಣೆ. ಒಂದು ಜೊತೆ ಗ್ಲೌಸ್, ಹಚ್ಚುವ ಮುಂಚೆ ತೊಳೆಯಲು ಒಂದು ತೊಟ್ಟಿ, ಅಷ್ಟೇ. ಆಮೇಲೆ ಒಂದೂ ವಾಪಸ್ ಬರಲಿಲ್ಲ. ಇದನ್ನ ಯಾವ ರಿಜೆಕ್ಷನ್ ಚೀಟಿಯೂ ಅವರಿಗೆ ಹೇಳಿರಲಿಲ್ಲ, ನಾವು ಬರೆದದ್ದು ಬರೀ "ಬಾಂಡ್ ಫೇಲ್" ಅಂತ.

ಬ್ಯಾಟರಿ_ಗಾಡಿ

ಈಗ ಎಲೆಕ್ಟ್ರಿಕ್ ಕಾಲ ಅಲ್ವಾ? ಸೈಲೆನ್ಸರ್, ಇಂಧನ ಟ್ಯಾಂಕ್ ಅಂತ ಹೊಸದಾಗಿ ಕಲಿಯೋದು ಯಾಕೆ? ಎಂಜಿನ್ ತಂತ್ರಜ್ಞಾನ ಹೇಗೂ ನಮ್ಮ ಕೈಯಲ್ಲಿರಲಿಲ್ಲ. ಡೀಸೆಲ್‌ನ ಕಾಮನ್ ರೈಲ್ ಇಂಜೆಕ್ಷನ್ (ಭಾರೀ ಒತ್ತಡದಲ್ಲಿ ಎಂಜಿನ್ನಿಗೆ ಇಂಧನ ಚಿಮ್ಮಿಸುವ ವ್ಯವಸ್ಥೆ) ಜಗತ್ತಿನಲ್ಲೇ ಬಾಷ್, ಡೆನ್ಸೋ ಥರದ ಕೆಲವೇ ಕಂಪನಿಗಳ ಕೈಯಲ್ಲಿದೆ. ಮೋಟಾರ್ ಆದರೆ ಆ ಗೋಡೆ ಇಲ್ಲ.

ಟೂಲ್‌ರೂಮ್_ಹಳಬ

@ಬ್ಯಾಟರಿ_ಗಾಡಿ ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಸೈಲೆನ್ಸರ್ ಬಿಡಿ. ಆದರೆ ಬ್ಯಾಟರಿ ಸೆಲ್ ಹೊರಗಿನಿಂದ ತಂದರೆ ಗಾಡಿಯ ಬೆಲೆಯ ಅತಿ ದೊಡ್ಡ ಪಾಲು ಹೊರಗೇ ಹೋಗುತ್ತದೆ, ಮೋಟಾರಿನ ಆಯಸ್ಕಾಂತಕ್ಕೂ ಅದೇ ಕಥೆ. ಆ ಗೋಡೆ ಹೋದರೆ ಈ ಗೋಡೆ ಬಂತು. ಚಾಸಿ, ಸಸ್ಪೆನ್ಷನ್, ಬಾಡಿ, ಸೀಟು, ಬ್ರೇಕ್ ಡ್ರಮ್ ಇವು ಎರಡಕ್ಕೂ ಬೇಕು. ಅದಕ್ಕೇ ಲ್ಯಾಡರ್ ಚಾಸಿ ಒಳ್ಳೇದು, ನಡುವಿನ ಜಾಗದಲ್ಲಿ ಇವತ್ತು ಟ್ಯಾಂಕ್ ಕೂರಿಸಿ, ನಾಳೆ ಬ್ಯಾಟರಿ ಪೆಟ್ಟಿಗೆ ಕೂರಿಸಿ.

ನೀತಿ_ನಿಯಮ

ಇಷ್ಟು ಹೊತ್ತು ಓದುತ್ತಿದ್ದೆ. ಸರ್ಕಾರದ ಪಾತ್ರದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಹಿಂದೆ ಇಷ್ಟು ಪಾಲು ಇಲ್ಲೇ ಆಗಬೇಕು ಅಂತ ಕಾನೂನು ಮಾಡಬಹುದಿತ್ತು. ಭಾರತದಲ್ಲಿ ಮಾರುತಿ 1983ರಲ್ಲಿ ಶುರುವಾದಾಗ ವರ್ಷದಿಂದ ವರ್ಷಕ್ಕೆ ಸ್ಥಳೀಯ ಪಾರ್ಟ್ಸ್ ಹೆಚ್ಚಿಸುವ ಷರತ್ತು ಇತ್ತು. ಆದರೆ ಷರತ್ತಿಗಿಂತ ಜೋರಾಗಿ ತಳ್ಳಿದ್ದು ಜಪಾನಿನ ಹಣ ಯೆನ್. 1985ರ ಸೆಪ್ಟೆಂಬರ್‌ನಲ್ಲಿ ಡಾಲರಿಗೆ 240ರ ಆಸುಪಾಸಿನಲ್ಲಿದ್ದ ಯೆನ್ ಒಂದು ವರ್ಷದಲ್ಲಿ 155ರ ಹತ್ತಿರ ಬಂತು. ಯೆನ್ ದುಬಾರಿ ಆಗಿ, ಮಾರುತಿ ಜೋಡಿಸಲು ಸುಜುಕಿಯಿಂದ ತರಿಸುತ್ತಿದ್ದ ಜಪಾನಿನ ಕಿಟ್ ಅಷ್ಟೂ ತುಟ್ಟಿ ಆಯಿತು. ಇಲ್ಲೇ ಮಾಡಿಸದೆ ಬೇರೆ ದಾರಿ ಇರಲಿಲ್ಲ. ಮಾರುತಿ ತಾನೇ ಹಲವು ಪಾರ್ಟ್ಸ್ ಕಂಪನಿಗಳಲ್ಲಿ ಪಾಲು ಹಾಕಿತು. ಅಂದರೆ ಅವರು ಮುಳುಗಿದರೆ ತನಗೂ ನಷ್ಟ. ಆ ಸಂಬಂಧವೇ ಬೇರೆ.

ಈಗ ಆ ಷರತ್ತು ಹಾಕುವ ಹಾಗಿಲ್ಲ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಮ್ಸ್ (ವ್ಯಾಪಾರಕ್ಕೆ ಸಂಬಂಧಿಸಿದ ಹೂಡಿಕೆ ಷರತ್ತುಗಳ) ಒಪ್ಪಂದ ಅದನ್ನ ತಡೆಯುತ್ತದೆ. 1997ರಲ್ಲಿ ಭಾರತ ಮೂರನೇ ವರ್ಷಕ್ಕೆ ಶೇ. 50, ಐದನೇ ವರ್ಷಕ್ಕೆ ಶೇ. 70 ಅಂತ ಕಾರು ಕಂಪನಿಗಳಿಂದ ಬರೆಸಿಕೊಂಡಿತ್ತು. ಅಮೆರಿಕ, ಯುರೋಪ್ ದೂರು ಕೊಟ್ಟವು, 2001ರ ತೀರ್ಪು ನಮ್ಮ ವಿರುದ್ಧ ಬಂತು.

ಇಂಡೋನೇಷ್ಯಾದ್ದು ಇನ್ನೂ ಬೇಸರದ ಕಥೆ. ಕಿಜಾಂಗ್ ಹುಟ್ಟಿದ ಅದೇ ದೇಶ 1996ರಲ್ಲಿ ಟಿಮೋರ್ ಅನ್ನುವ ರಾಷ್ಟ್ರೀಯ ಕಾರು ಘೋಷಿಸಿ ತೆರಿಗೆ ಬಿಟ್ಟುಕೊಟ್ಟಿತು. ಕಾರು ಕಿಯಾ ಸೆಫಿಯಾ, ಮೊದಮೊದಲು ಪೂರ್ತಿ ತಯಾರಾಗಿಯೇ ಕೊರಿಯಾದಿಂದ ಹಡಗಿನಲ್ಲಿ ಬಂತು. ಹೆಸರು ರಾಷ್ಟ್ರೀಯ, ಒಂದು ಬ್ರಾಕೆಟ್ಟೂ ಅಲ್ಲಿಯ ಶಾಪ್‌ನದಲ್ಲ. 1998ರಲ್ಲಿ ಅದರ ವಿರುದ್ಧವೂ ತೀರ್ಪು ಬಂತು.

ಉಳಿದಿರುವ ಗಟ್ಟಿ ದಾರಿ ಸರ್ಕಾರವೇ ಗ್ರಾಹಕ ಆಗೋದು. ತನ್ನ ಸ್ವಂತ ಬಳಕೆಗೆ ಕೊಳ್ಳುವಾಗ ಸ್ಥಳೀಯ ಮಾಲಿಗೆ ಆದ್ಯತೆ ಕೊಡಲು ಗ್ಯಾಟ್ ಅನ್ನುವ ವಿಶ್ವ ವ್ಯಾಪಾರ ಒಪ್ಪಂದದ ನಿಯಮದಲ್ಲೇ ವಿನಾಯಿತಿ ಇದೆ. ಸರ್ಕಾರಿ ಖರೀದಿಯ ಬೇರೆ ಒಪ್ಪಂದಕ್ಕೆ ಸಹಿ ಹಾಕಿರದ ದೇಶಕ್ಕೆ ಅದು ಪೂರ್ತಿ ಸಿಗುತ್ತದೆ. ಆಂಬುಲೆನ್ಸ್, ಅರಣ್ಯ, ಅಂಚೆ, ನೀರು, ವಿದ್ಯುತ್ ಇಲಾಖೆಗಳಿಗೆ ಒಂದೇ ಚಾಸಿಯ ಮೇಲೆ ಬೇರೆ ಬೇರೆ ಬಾಡಿ ಕೂರಿಸಿ ಕೊಟ್ಟರೆ ಮೊದಲ ಐದು ವರ್ಷದ ಆರ್ಡರ್ ಖಚಿತ ಆಗುತ್ತದೆ. ಕೀನ್ಯಾದ ಮೊಬಿಯಸ್ ಒರಟು ರಸ್ತೆಗೆ ಅಂತಲೇ ಸರಳ ಗಾಡಿ ಮಾಡಿತು, ಆಸೆ ಹುಟ್ಟಿಸುವ ಗಾಡಿ, ಆದರೂ 2024ರಲ್ಲಿ ಸಾಲದ ಭಾರಕ್ಕೆ ಮುಚ್ಚುವ ನಿರ್ಧಾರ ಪ್ರಕಟಿಸಿತು. ಡಿಸೈನ್ ಚೆನ್ನಾಗಿದ್ದರೆ ಸಾಲದು, ಸಂಖ್ಯೆ ಬೇಕು.

ಪ್ರೆಸ್‌ಶಾಪ್

ಎಲ್ಲರಿಗೂ ಮನಸಾರೆ ಧನ್ಯವಾದ. ಬುಶ್ಶಿನ ಕಥೆ ಓದಿ ನಮ್ಮ ಶೆಡ್ಡಿನದೇ ಒಂದು ನೆನಪಾಯಿತು. ಹೊಸ ಕಾಯಿಲ್ (ಶೀಟಿನ ಸುರುಳಿ) ಬಂದ ದಿನ ಬ್ರಾಕೆಟ್ಟಿನ ಬೆಂಡ್ ಒಂದೂವರೆ ಡಿಗ್ರಿ ತೆರೆದುಕೊಳ್ಳುತ್ತಿತ್ತು. ಡೈ ಅದೇ, ಪ್ರೆಸ್ ಅದೇ. ಶೀಟಿನ ಗಟ್ಟಿತನ ಸ್ವಲ್ಪ ಜಾಸ್ತಿ ಇದ್ದರೆ ಮಡಿಸಿದ್ದು ಅಷ್ಟೇ ಜಾಸ್ತಿ ವಾಪಸ್ ಚಿಮ್ಮುತ್ತದೆ ಅಂತ ನಮಗೆ ನಾವೇ ಕಂಡುಕೊಳ್ಳಲು ಎಂಟು ತಿಂಗಳು ಬೇಕಾಯಿತು. ಈಗ ಪ್ರತಿ ಕಾಯಿಲಿನ ಮೊದಲ ಹತ್ತು ಪೀಸ್ ಗೇಜಿಗೆ ಹಾಕಿ ನೋಡಿಯೇ ಮುಂದೆ ಹೋಗೋದು.

ಇನ್ನೊಂದು ಪ್ರಶ್ನೆ ಉಳಿದಿದೆ. ಡೈ ಯಾರದಾಗಿರಬೇಕು? ನಾನು ಸಾಲ ಮಾಡಿ ಮಾಡಿಸಿದರೆ ಮತ್ತೆ ಆ ಏಳು ಡೈಗಳ ಗತಿಯೇ.

ಖರೀದಿ_ವಿಭಾಗ

ಡೈ ಗಾಡಿ ಕಂಪನಿಯದೇ ಇರಲಿ, ದುಡ್ಡು ಅವರೇ ಹಾಕಲಿ, ನಿಮ್ಮ ಹತ್ತಿರ ಇಟ್ಟುಕೊಂಡು ಕೆಲಸ ಮಾಡಿ. ಇದು ಹೊಸದೇನಲ್ಲ, ದೊಡ್ಡ ಸರಬರಾಜುದಾರರು ಬಹಳ ಜನ ಹೀಗೇ ಮಾಡುತ್ತಾರೆ, ಸಣ್ಣವರು ಕೇಳಲು ಹಿಂಜರಿಯುತ್ತಾರೆ ಅಷ್ಟೇ. ಒಪ್ಪಂದದಲ್ಲಿ ಎರಡು ಸಾಲು ಸೇರಿಸಿ. ಒಂದು, ಮಾಡೆಲ್ ನಿಂತರೂ ರಿಪೇರಿ ಮಾರುಕಟ್ಟೆಗೆ ಆ ಪಾರ್ಟ್ ಇಂತಿಷ್ಟು ವರ್ಷ ನಿಮ್ಮಿಂದಲೇ ಹೋಗಬೇಕು. ಎರಡು, ಬಿಲ್ ಕೊಟ್ಟ ಇಂತಿಷ್ಟು ದಿನಕ್ಕೆ ಹಣ. ಸಣ್ಣ ಶಾಪ್‌ಗಳು ಆರ್ಡರ್ ಇಲ್ಲದೆ ಮುಚ್ಚಿದ್ದಕ್ಕಿಂತ ಆರ್ಡರ್ ಇದ್ದೂ ಹಣ ಬಾರದೆ ಮುಚ್ಚಿದ್ದನ್ನ ನಾನು ಜಾಸ್ತಿ ನೋಡಿದ್ದೇನೆ.

ಆಮೇಲೆ, ರ್ಯಾಕಿನಲ್ಲಿರುವ ಆ ಏಳು ಡೈಗಳನ್ನ ಗುಜರಿಗೆ ಹಾಕಬೇಡಿ. ಆ ಗಾಡಿಗಳು ಇನ್ನೂ ರಸ್ತೆ ಮೇಲೆ ಇವೆ ತಾನೇ? ಡೈ ನಿಮ್ಮ ದುಡ್ಡಿನದು, ಆದರೆ ಡ್ರಾಯಿಂಗ್ ಯಾರದು ಅಂತ ಒಪ್ಪಂದ ತೆಗೆದು ಓದಿ. ತಕರಾರು ಇಲ್ಲ ಅಂದರೆ ಸ್ಪೇರ್ ಪಾರ್ಟ್ಸ್ ಮಾರುವವರನ್ನ ವಿಚಾರಿಸಿ. ಯಾವ ಪಾರ್ಟ್ ಅಂತ ಇಲ್ಲಿ ಬರೆಯಿರಿ, ಗೊತ್ತಿರುವವರನ್ನ ನಾನೂ ಕೇಳುತ್ತೇನೆ.

ಪ್ರೆಸ್‌ಶಾಪ್

ಮೂರು ಬಂಪರ್ ಬ್ರಾಕೆಟ್, ಎರಡು ರೇಡಿಯೇಟರ್ ಸಪೋರ್ಟ್, ಉಳಿದೆರಡು ಹಿಂದಿನ ಮಡ್‌ಗಾರ್ಡ್ ಸ್ಟೇ. ನಾಳೆ ಬೆಳಗ್ಗೆ ಒಪ್ಪಂದದ ಫೈಲ್ ತೆಗೆದು ನೋಡಿ ತಿಳಿಸುತ್ತೇನೆ ಸರ್.