ಆವ್ರಿಲ್ ಲವೀನ್ ಅವರ ಮೊದಲ ಆಲ್ಬಂ: ಹಾಡು ಯಾರದು?

ಗುಬ್ಬಿಗೂಡು:
'ಲೆಟ್ ಗೋ' ಬಿಡುಗಡೆಯಾದದ್ದು 2002ರ ಜೂನ್ 4ರಂದು. ಆಗ ಆವ್ರಿಲ್ ಲವೀನ್ ಅವರಿಗೆ 17 ವರ್ಷ. ಮೊನ್ನೆ ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಾಗ ಹಳೆಯ ಅನುಮಾನವೇ ಮತ್ತೆ ತಲೆಯೆತ್ತಿತು. ಕೆನಡಾದ ನಪಾನಿ ಎಂಬ ಸಣ್ಣ ಊರಿನಲ್ಲಿ ಚರ್ಚಿನ ಹಾಡು, ಕಂಟ್ರಿ ಎಂಬ ಹಳ್ಳಿಗಾಡಿನ ಶೈಲಿಯ ಹಾಡುಗಳನ್ನು ಹಾಡಿಕೊಂಡು ಬೆಳೆದ, 1999ರಲ್ಲಿ ರೇಡಿಯೊ ಸ್ಪರ್ಧೆಯೊಂದನ್ನು ಗೆದ್ದು ಒಟ್ಟಾವಾದಲ್ಲಿ ಹೆಸರಾಂತ ಕಂಟ್ರಿ ಗಾಯಕಿ ಶನಾಯಾ ಟ್ವೇನ್ ಜೊತೆ ವೇದಿಕೆ ಹತ್ತಿದ ಹುಡುಗಿ ಮೂರೇ ವರ್ಷದಲ್ಲಿ ಬನಿಯನ್ನಿನ ಮೇಲೆ ಟೈ ಕಟ್ಟಿಕೊಂಡ ರಾಕ್ ಗಾಯಕಿಯಾಗಿ ಕಾಣಿಸಿಕೊಂಡರು. ಹೆಚ್ಚು ಜನಪ್ರಿಯವಾದ ಹಾಡುಗಳೆಲ್ಲ ಬೇರೆ ಗಾಯಕರಿಗೆ ಹಾಡು ಬರೆದು ನಿರ್ಮಿಸಿಕೊಡುವ 'ದ ಮ್ಯಾಟ್ರಿಕ್ಸ್' ಎಂಬ ಮೂವರ ತಂಡದೊಡನೆ ಸಿದ್ಧವಾದವು. ಇದನ್ನು ರಾಕ್ ಎನ್ನುವುದಕ್ಕಿಂತ ನುರಿತ ದರ್ಜಿಗಳ ಹೊಲಿಗೆ ಎನ್ನುವುದೇ ಸರಿ.

ಕ್ಯಾಸೆಟ್ ಕಾಲದವನು:
ಹಾಡುವವರೇ ಬರೆದಿರಬೇಕು ಎಂಬ ಹಟ ನಮಗೆಲ್ಲಿಂದ ಬಂತು? ಶಿಶುನಾಳ ಶರೀಫರ ಪದಗಳಿಗೆ ಸಿ. ಅಶ್ವತ್ಥ್ ರಾಗ ಹಾಕಿ ಹಾಡಿದಾಗ ಅದು ಯಾರ ಹಾಡೆಂದು ನಾವು ಜಗಳವಾಡಲಿಲ್ಲ. ರಾಕ್ ಸಂಗೀತದಲ್ಲಿಯೂ ಬಾನ್ ಜೋವಿ ತಂಡದವರು 1986ರ ತಮ್ಮ ಆಲ್ಬಮ್ಮಿಗೆ ಡೆಸ್ಮಂಡ್ ಚೈಲ್ಡ್ ಎಂಬ ವೃತ್ತಿನಿರತ ಗೀತರಚನಕಾರರ ಜೊತೆ ಕುಳಿತು ಬರೆದರು. ಆ ಗಂಡಸರನ್ನು ಕೇಳದ ಪ್ರಶ್ನೆಯನ್ನು ಈ ಹುಡುಗಿಗೆ ಮಾತ್ರ ಕೇಳುತ್ತೇವೆ.

ಮಳೆನಾಡಿನವಳು:
ಗಂಡಸರ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆದರೆ ಅಶ್ವತ್ಥ್ ಅವರ ಹೋಲಿಕೆ ಇಲ್ಲಿ ಕೂಡುವುದಿಲ್ಲ, ಏಕೆಂದರೆ ಶರೀಫರ ಪದ ತಮ್ಮದೆಂದು ಅವರು ಎಂದೂ ಹೇಳಿಕೊಂಡವರಲ್ಲ. ಭಾವಗೀತೆಯ ವೇದಿಕೆಯಲ್ಲಿ ಕವಿಯ ಹೆಸರು ಹೇಳಿದ ಮೇಲೆಯೇ ಹಾಡು ಶುರುವಾಗುವುದು. ಇಲ್ಲಿ ಮಾರಾಟವಾದದ್ದು "ಇದು ನನ್ನ ಡೈರಿ" ಎಂಬ ಭಾವ. ಹೆಚ್ಚಿನ ಕೆಲಸ ತಮ್ಮದೆಂದು ಮ್ಯಾಟ್ರಿಕ್ಸ್ ತಂಡದವರೂ, ತಾನೂ ಕೂತು ಬರೆದೆನೆಂದು ಗಾಯಕಿಯೂ ಬಹಿರಂಗವಾಗಿಯೇ ಹೇಳಿಕೊಂಡರು. ಆ ಕೋಣೆಯಲ್ಲಿ ನಾವಿರಲಿಲ್ಲವಾದ್ದರಿಂದ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಕೇಳುವ ಕಿವಿಯಂತೂ ಇದೆ. ಆಲ್ಬಮ್ಮಿನ ಮೊದಲ ಹಾಡನ್ನೂ ಎರಡನೆಯದನ್ನೂ ಬೆನ್ನುಬೆನ್ನಿಗೆ ಕೇಳಿ ನೋಡಿ. ಮೊದಲನೆಯದು ಕ್ಲಿಫ್ ಮ್ಯಾಗ್ನೆಸ್ ಎಂಬ ಇನ್ನೊಬ್ಬ ಗೀತರಚನಕಾರ-ನಿರ್ಮಾಪಕರ ಜೊತೆ ಮಾಡಿದ್ದು: ಮೆಲ್ಲಗೆ ಆರಂಭವಾಗಿ, ಪಲ್ಲವಿಯಲ್ಲಿ ಗಿಟಾರಿನ ಗೋಡೆಯೇ ಎದ್ದು ನಿಲ್ಲುತ್ತದೆ, ಕಂಠ ಕೂಗಿಗೆ ಹತ್ತಿರವಾಗುತ್ತದೆ. ಎರಡನೆಯದು ಮ್ಯಾಟ್ರಿಕ್ಸ್ ಜೊತೆ ಮಾಡಿದ್ದು. ಅಕೂಸ್ಟಿಕ್ ಗಿಟಾರಿನ ಹಗುರ ನಡಿಗೆ, ಒಮ್ಮೆ ಕೇಳಿದರೆ ನಾಲಿಗೆ ಬಿಡದ ಪಲ್ಲವಿ. ಒಂದೇ ಹೊದಿಕೆಯೊಳಗೆ ಎರಡು ಆಲ್ಬಂ ಮಲಗಿದ್ದಂತಿದೆ. ಇವುಗಳಲ್ಲಿ ಹುಡುಗಿಗೆ ಬೇಕಾಗಿದ್ದುದು ಯಾವುದೆಂಬುದಕ್ಕೆ 2004ರ ಎರಡನೆಯ ಆಲ್ಬಮ್ಮೇ ಸಾಕ್ಷಿ: ಅದರಲ್ಲಿ ಮ್ಯಾಟ್ರಿಕ್ಸ್ ಇಲ್ಲ, ಕೆನಡಾದ ಗಾಯಕಿ ಶಾಂಟಲ್ ಕ್ರೆವಿಯಾಝಕ್ ಮುಂತಾದವರ ಜೊತೆಗೂಡಿ ಬರೆದ ಹಾಡುಗಳಿವೆ, ಧ್ವನಿಯೂ ಹೆಚ್ಚು ಗಾಢವಾಗಿದೆ.

ಶ್ರುತಿಪೆಟ್ಟಿಗೆ:
2003ರ ಗ್ರ್ಯಾಮಿ ಸಂಗೀತ ಪ್ರಶಸ್ತಿಯ ನಾಮನಿರ್ದೇಶನಗಳನ್ನು ಓದುವಾಗ ರಾಕ್ ದಿಗ್ಗಜ ಡೇವಿಡ್ ಬೋವಿಯವರ ಹೆಸರನ್ನೇ ತಪ್ಪಾಗಿ ಉಚ್ಚರಿಸಿದವರನ್ನು ರಾಕ್ ಪರಂಪರೆಯವರೆಂದು ಒಪ್ಪುವುದು ಹೇಗೆ?

ಕ್ಯಾಸೆಟ್ ಕಾಲದವನು:
18ರ ವಯಸ್ಸಿನಲ್ಲಿ ನಾನು ಎಷ್ಟು ಹಿರಿಯ ಗಾಯಕರ ಹೆಸರನ್ನು ಕೆಡಿಸಿದ್ದೆನೋ, ಪುಣ್ಯಕ್ಕೆ ಎದುರಿಗೆ ಕ್ಯಾಮೆರಾ ಇರಲಿಲ್ಲ. ಉಚ್ಚಾರಣೆಯಿಂದ ಪರಂಪರೆ ನಿರ್ಧಾರವಾಗುವುದಾದರೆ 'ಲವೀನ್' ಎನ್ನಲು ನಾವು ಕನ್ನಡಿಗರು ಪಟ್ಟ ಪಾಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಅಂದ ಹಾಗೆ, ಆ ವರ್ಷದ ಹೊಸ ಕಲಾವಿದರ ಗ್ರ್ಯಾಮಿ ಇವರಿಗೆ ತಪ್ಪಿ, ಪಂಡಿತ್ ರವಿಶಂಕರರ ಮಗಳು ನೋರಾ ಜೋನ್ಸ್ ಅವರಿಗೆ ಹೋಯಿತು.

ಗುಬ್ಬಿಗೂಡು:
ಮೇಡಂ, ನೀವು ಹೇಳಿದಂತೆ ಎರಡನ್ನೂ ಒಟ್ಟಿಗೆ ಕೇಳಿದೆ. ಮೊದಲ ಹಾಡಿನ ಸಿಟ್ಟು ಹೊಲಿಗೆಯದಲ್ಲ ಎಂಬುದನ್ನು ಒಪ್ಪುತ್ತೇನೆ. ಅದನ್ನು ಬೇರೆಯವರು ಬರೆದುಕೊಟ್ಟರೂ ಆ ಕಂಠವಿಲ್ಲದೆ ನಿಲ್ಲುತ್ತಿರಲಿಲ್ಲ. ಆದರೆ ಆಗಿನ ಪತ್ರಿಕೆಗಳು ಇವರಿಗೆ ಹಚ್ಚಿದ 'ಪಂಕ್' (ಒರಟು, ಬಂಡಾಯದ ರಾಕ್) ಎಂಬ ಹೆಸರನ್ನು ಮಾತ್ರ ಈಗಲೂ ಒಪ್ಪಲಾರೆ.

ಮಳೆನಾಡಿನವಳು:
ಅದನ್ನು ನಾನೂ ಒಪ್ಪುವುದಿಲ್ಲ, ಸರ್.