ಪ್ಯಾರಾಮೋಟರ್ ಸದ್ದು ಜಾಸ್ತಿ, ತಳ್ಳುವ ಬಲ ಕಮ್ಮಿ: ಪ್ರೊಪೆಲರ್ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಚಿಕ್ಕಬಳ್ಳಾಪುರದ ಹತ್ತಿರ ಹಾರುತ್ತೇನೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪ್ಯಾರಾಮೋಟರ್ (ಬೆನ್ನಿಗೆ ಕಟ್ಟಿಕೊಳ್ಳುವ ಎಂಜಿನ್, ತಲೆಯ ಮೇಲೆ ಪ್ಯಾರಾಶೂಟಿನಂಥ ಬಟ್ಟೆಯ ರೆಕ್ಕೆ) ತೆಗೆದುಕೊಂಡೆ. 185 ಸಿಸಿ ಟೂ-ಸ್ಟ್ರೋಕ್, ರಿಡಕ್ಷನ್ 2.68 (ಎಂಜಿನ್ 2.68 ಸುತ್ತಿಗೆ ಪ್ರೊಪೆಲರ್ ಒಂದು ಸುತ್ತು), ಎರಡು ಅಲಗಿನ 125 ಸೆಂ.ಮೀ. ಕಾರ್ಬನ್ ಪ್ರೊಪೆಲರ್. ಸದ್ದು ವಿಪರೀತ. ಬೆಳಿಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿದರೆ ಪಕ್ಕದ ಕೊಟ್ಟಿಗೆಯ ಹಸುಗಳು ಹಗ್ಗ ಕಿತ್ತುಕೊಳ್ಳುವಷ್ಟು ಬೆದರುತ್ತವೆ, ಆ ಮನೆಯವರು "ಇನ್ನೊಂದ್ಸಲ ಬನ್ನಿ, ನೋಡ್ಕೋತೀವಿ" ಅಂದಿದ್ದಾರೆ. ಇನ್ನೊಂದು ತೊಂದರೆ, ಮಾರಿದವರು ಮಂಗಳೂರು ಕಡೆಯವರು, 75 ಕೆ.ಜಿ. ಥ್ರಸ್ಟ್ (ಮುಂದಕ್ಕೆ ತಳ್ಳುವ ಬಲ) ಗ್ಯಾರಂಟಿ ಅಂದಿದ್ದರು. ನಾನು ಟೇಕಾಫ್‌ಗೆ ಸುಸ್ತಾಗುವಷ್ಟು ಓಡಬೇಕು. 140ರ ಪ್ರೊಪೆಲರ್ ಹಾಕು, ಎರಡೂ ಸರಿಹೋಗುತ್ತದೆ ಅಂತ ಗೆಳೆಯ ಹೇಳುತ್ತಿದ್ದಾನೆ. ಖರ್ಚು ಮಾಡುವ ಮುಂಚೆ ನಿಮ್ಮನ್ನು ಕೇಳೋಣ ಅಂತ.

ಉತ್ತರ: ಕೇಳಿದ್ದು ಒಳ್ಳೇದಾಯಿತು. ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ.

ಅದೇ ಪವರ್‌ನಲ್ಲಿ ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಥ್ರಸ್ಟ್ ಹೆಚ್ಚು ಸಿಗುತ್ತದೆ. ಲೆಕ್ಕ ಹಾಕಿದರೆ 125ರಿಂದ 140ಕ್ಕೆ ಹೋದಾಗ ನಿಂತಲ್ಲಿ ಸುಮಾರು 8 ಪರ್ಸೆಂಟ್, ಅಂದರೆ ಐದಾರು ಕೆ.ಜಿ. ಅಲ್ಲಿಗೆ ಸರಿ. ಸದ್ದಿನ ಕಥೆ ಬೇರೆ. ಪ್ರೊಪೆಲರ್ ಕೂಗುವುದು ಮುಖ್ಯವಾಗಿ ಅದರ ತುದಿಯ ವೇಗದಿಂದ. ನಿಮ್ಮ ಎಂಜಿನ್ 7800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಹೊಡೆದರೆ ಪ್ರೊಪೆಲರ್ ಸುಮಾರು 2900 ಸುತ್ತುತ್ತದೆ, ಅದರ ತುದಿ ಸೆಕೆಂಡಿಗೆ 190 ಮೀಟರ್ ಹೋಗುತ್ತಿರುತ್ತದೆ. ಗಂಟೆಗೆ 680 ಕಿ.ಮೀ. ಮೇಲೆ, ನೀವು ಮೇಲೆ ಹೋಗುತ್ತಿರುವುದು 40ರಲ್ಲಿ! ಈ ತುದಿಯ ವೇಗ ಹತ್ತು ಪರ್ಸೆಂಟ್ ಇಳಿದರೆ ಪ್ರೊಪೆಲರಿನ ಸದ್ದು 2ರಿಂದ 3 ಡೆಸಿಬಲ್ ಇಳಿಯುತ್ತದೆ, ಏರಿದರೆ ಅಷ್ಟೇ ಏರುತ್ತದೆ. ಈಗಿರುವ ರಿಡಕ್ಷನ್ ಹಾಗೇ ಇಟ್ಟು 140 ಹಾಕಿ ಅಷ್ಟೇ ಸುತ್ತಿಸಿದರೆ ತುದಿ 213ಕ್ಕೆ ಹೋಗುತ್ತದೆ. ಆಗ ಹಸು ಹಗ್ಗ ಅಲ್ಲ, ಗೂಟಾನೇ ಕೀಳುತ್ತದೆ. ತುದಿಯನ್ನು 190ರಲ್ಲೇ ಹಿಡಿಯಬೇಕಾದರೆ ರಿಡಕ್ಷನ್ 3ರ ಸುತ್ತ ಬೇಕು, ದೊಡ್ಡ ಕೇಜ್ (ಪ್ರೊಪೆಲರ್ ಸುತ್ತ ಇರುವ ರಕ್ಷಣೆಯ ಚೌಕಟ್ಟು) ಬೇಕು, ಮತ್ತೆ ಟಾರ್ಕ್ ಹನ್ನೆರಡು ಪರ್ಸೆಂಟ್ ಏರುವುದರಿಂದ ಫುಲ್ ಥ್ರಾಟಲ್‌ನಲ್ಲಿ ನಿಮ್ಮನ್ನು ಒಂದು ಕಡೆಗೆ ತಿರುಚುವುದೂ ಜಾಸ್ತಿಯಾಗುತ್ತದೆ. ಬರೀ ಪ್ರೊಪೆಲರಿನ ಖರ್ಚಲ್ಲ ಅದು.

ಥ್ರಸ್ಟ್ ವಿಷಯಕ್ಕೆ ಬರೋಣ. ನಿಮ್ಮ ಪ್ರೊಪೆಲರ್ ಏನೂ ಕೆಟ್ಟಿಲ್ಲ, ಘಟ್ಟ ಹತ್ತಿಸಿದ್ದೀರಿ ಅಷ್ಟೇ. ನಿಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅದೇ ಬಿಸಿಲಿಗೆ ಮಂಗಳೂರಿಗಿಂತ ಅಲ್ಲಿ ಗಾಳಿ ಹತ್ತು ಪರ್ಸೆಂಟ್ ತೆಳು. ಇಲ್ಲಿ ಎಲ್ಲರೂ ಮೋಸಹೋಗುತ್ತಾರೆ: ಟ್ಯಾಕೋ (ಆರ್‌ಪಿಎಂ ಮೀಟರ್) ಹೆಚ್ಚುಕಮ್ಮಿ ಅದೇ ಆರ್‌ಪಿಎಂ ತೋರಿಸುತ್ತದೆ. ಯಾಕೆಂದರೆ ಎಂಜಿನ್ನಿನ ಪವರ್ ಎಷ್ಟು ಬೀಳುತ್ತದೋ ಪ್ರೊಪೆಲರ್ ತಿರುಗಿಸುವ ಭಾರವೂ ಅಷ್ಟೇ ಹಗುರಾಗುತ್ತದೆ. ಆರ್‌ಪಿಎಂ ಇದೆಯಲ್ಲ ಅಂತ ಥ್ರಸ್ಟ್ ಇದೆ ಅಂದುಕೊಳ್ಳಬೇಡಿ, ಅಲ್ಲಿಯ 75 ಇಲ್ಲಿ 67-68. ರೆಕ್ಕೆಗೂ ಅದೇ ತೆಳು ಗಾಳಿ, ಅದು ಎತ್ತಿಕೊಳ್ಳಲು ಐದು ಪರ್ಸೆಂಟ್ ಜೋರಾಗಿ ಓಡಬೇಕು. ಅದಕ್ಕೇ ಸುಸ್ತು.

ಈಗ ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹಿಡಿಯಿರಿ. ಫೋನಿಗೆ ಒಂದು ಸ್ಪೆಕ್ಟ್ರಮ್ ಆ್ಯಪ್ (ಸದ್ದಿನಲ್ಲಿ ಯಾವ ಸ್ವರ ಎಷ್ಟು ಜೋರು ಅಂತ ಗೆರೆಗಳಲ್ಲಿ ತೋರಿಸುವಂಥದ್ದು) ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತವೆ. ನೀವು ಹಾರ್ನೆಸ್ ಬಿಗಿದುಕೊಂಡು 7000ದಲ್ಲಿ ಹಿಡಿಯಿರಿ, ಗೆಳೆಯ ಮುಂದೆ ಓರೆಯಾಗಿ 30 ಮೀಟರ್ ದೂರ ನಿಂತು ರೆಕಾರ್ಡ್ ಮಾಡಲಿ. ಪ್ರೊಪೆಲರಿನ ನೇರ ಪಕ್ಕಕ್ಕೆ ಮಾತ್ರ ನಿಲ್ಲಿಸಬೇಡಿ, ಅಲಗು ಚೂರಾದರೆ ಹಾರುವುದು ಆ ಕಡೆಗೇ. ನೆಲದ ಮೇಲೆ ಇಟ್ಟು ಕೈಯಲ್ಲಿ ಹಿಡಿದುಕೊಂಡು ರೇಸ್ ಮಾಡುವುದಂತೂ ಬೇಡವೇ ಬೇಡ. ಈ ಆಟದಲ್ಲಿ ಬೆರಳು, ಕೈ ಕಳೆದುಕೊಂಡವರು ಬಹಳ ಮಂದಿ ಹಾಗೆಯೇ ಕಳೆದುಕೊಂಡಿದ್ದು. 7000ದಲ್ಲಿ ಎಂಜಿನ್ 117 ಹರ್ಟ್ಸ್‌ನಲ್ಲಿ ಗುದ್ದುತ್ತದೆ, ಎರಡು ಅಲಗಿನ ಪ್ರೊಪೆಲರ್ 87ರಲ್ಲಿ. ಯಾವ ಗೆರೆ ಎತ್ತರ ಇದೆ, ಅದರ ದುಪ್ಪಟ್ಟು, ಮೂರು ಪಟ್ಟಿನಲ್ಲಿ ಏನಿದೆ ನೋಡಿ ಇಲ್ಲಿ ಹಾಕಿ.

ಮಧ್ಯದಲ್ಲಿ ಇನ್ನೊಬ್ಬರು: ಸರ್, ಮೂರು ಅಲಗಿನದ್ದು ಹಾಕಿದರೆ ಸದ್ದು ಕಮ್ಮಿ ಅಂತಾರಲ್ಲ?

ಉತ್ತರ: ಕಂಪನ ಕಮ್ಮಿ, ನುಣುಪು ಜಾಸ್ತಿ. ಪವರ್ ಮೂರು ಕಡೆ ಹಂಚಿಹೋಗುವುದರಿಂದ ಒಂದೊಂದು ಏಟೂ ಮೆತ್ತಗಿರುತ್ತದೆ. ಆದರೆ ಸ್ವರ ಮೇಲಕ್ಕೆ ಹೋಗುತ್ತದೆ, 87 ಇದ್ದದ್ದು 130 ಆಗುತ್ತದೆ, ನಮ್ಮ ಕಿವಿಗೆ ತಗ್ಗು ಸ್ವರಕ್ಕಿಂತ ಅದು ಚೆನ್ನಾಗಿ ಕೇಳಿಸುತ್ತದೆ. ಕೇಜ್ ಚಿಕ್ಕದಿದ್ದು ಪವರ್ ಜಾಸ್ತಿ ಇದ್ದವರಿಗೆ ಸರಿ. ಅದೇ ಕೇಜಿನಲ್ಲಿ ಎರಡು ಅಲಗಿನದ್ದು ಚೆನ್ನಾಗಿ ಓಡುತ್ತಿದ್ದರೆ ನಾನಾದರೆ ಬದಲಿಸುವುದಿಲ್ಲ.

ಉಡುಪಿಯಿಂದ: ನಮ್ಮದು ಮರದ ಪ್ರೊಪೆಲರ್ ಮಾರಾಯ್ರೆ. ಮಳೆಗಾಲ ಮುಗಿದು ತೆಗೆದರೆ ಎಂಜಿನ್ ಪೂರಾ ನಡುಗುತ್ತದೆ. ಅಲಗಿನ ಮುಂಚೂಣಿ ಅಂಚಿನಲ್ಲಿ ಎರಡು ಕಡೆ ಕಲ್ಲು ತಾಗಿ ಚಕ್ಕೆ ಎದ್ದಿದೆ, ಅಂಚು ಕಾಯಲು ಪಟ್ಟಿ ಅಂಟಿಸಿದ್ದೂ ಒಂದು ಕಡೆ ಹೋಗಿದೆ. ಅರಾಲ್ಡೈಟ್ ಹಾಕಿದರೆ ಸಾಕಾ?

ಉತ್ತರ: ಚಕ್ಕೆ ಸಣ್ಣದಿದ್ದರೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮೊದಲಿನ ಆಕಾರಕ್ಕೇ ಉಜ್ಜಿ. ಬುಡದ ಹತ್ತಿರ, ಬೋಲ್ಟ್ ತೂತಿನ ಸುತ್ತ ಕೂದಲೆಳೆ ಬಿರುಕು ಕಂಡರೂ ಅದನ್ನು ಗೋಡೆಗೆ ನೇತುಹಾಕಿ, ಹಾರಬೇಡಿ. ನಡುಕಕ್ಕೆ ಒಂದು ಕಾರಣ ತೇವ. ಮೂಲೆಯಲ್ಲಿ ನಿಲ್ಲಿಸಿಟ್ಟಿದ್ದರೆ ಕೆಳಗಿನ ಅಲಗು ಜಾಸ್ತಿ ನೀರು ಕುಡಿದು ತೂಕ ಬಂದಿರುತ್ತದೆ. ಯಾವಾಗಲೂ ಅಡ್ಡಡ್ಡ ಇಡಬೇಕು. ಬ್ಯಾಲೆನ್ಸರ್ ಮೇಲೆ ಹಾಕಿ, ಹಗುರ ಇರುವ ಅಲಗಿಗೆ ವಾರ್ನಿಷ್ ತೆಳುವಾಗಿ ಹೊಡೆಯುತ್ತಾ ಸಮ ಮಾಡಿ. ಮರ ಉಬ್ಬಿ ಕುಗ್ಗುವುದರಿಂದ ಬೋಲ್ಟ್ ಸಡಿಲಾಗಿರುತ್ತದೆ, ಎದುರುಬದುರು ಸ್ವಲ್ಪ ಸ್ವಲ್ಪವೇ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ.

ಒಂದು ಕಡೆ ಪಟ್ಟಿ ಹೋಗಿದೆ ಅಂದಿರಲ್ಲ, ಇನ್ನೊಂದು ಕಡೆಯದನ್ನೂ ಇವತ್ತೇ ಕಿತ್ತುಬಿಡಿ. 190 ಮೀಟರ್ ವೇಗದಲ್ಲಿ ತುದಿಯ ಒಂದು ಗ್ರಾಂ ಸುಮಾರು ಆರು ಕೆ.ಜಿ.ಯಷ್ಟು ಎಳೆಯುತ್ತದೆ. ನಡುಗದೆ ಇನ್ನೇನು!

ಇನ್ನೊಂದು ಪ್ರಶ್ನೆ: ಗೂಬೆಯ ರೆಕ್ಕೆ ನೋಡಿ ಮಾಡಿದ್ದು ಅಂತ ಹಲ್ಲು ಹಲ್ಲಿನ ಪಟ್ಟಿ ಹಿಂದಿನ ಅಂಚಿಗೆ ಅಂಟಿಸುವ ವಿಡಿಯೋ ನೋಡಿದೆ.

ಉತ್ತರ: ಆ ವಿದ್ಯೆ ಸುಳ್ಳಲ್ಲ, ದೊಡ್ಡ ಗಾಳಿಯಂತ್ರಗಳ ಅಲಗಿಗೆ ನಿಜವಾಗಿಯೂ ಹಾಕುತ್ತಾರೆ, ಸುಯ್ ಅನ್ನುವ ಸದ್ದು ಕಮ್ಮಿಯಾಗುತ್ತದೆ. ಮನೆಯಲ್ಲಿ ಕತ್ತರಿಸಿ ಅಂಟಿಸುವವರು ಮೇಲಿನ ಆರು ಕೆ.ಜಿ. ಲೆಕ್ಕ ಇನ್ನೊಂದು ಸಲ ಓದಿ.

ಮೊದಲ ಪ್ರಶ್ನೆಯವರು: ಸರ್, ರೆಕಾರ್ಡ್ ಮಾಡಿದೆ. 117 ಎಲ್ಲಕ್ಕಿಂತ ಎತ್ತರ, 234ರಲ್ಲೂ ಇದೆ. 87 ಇದೆ, ಆದರೆ ಅದಕ್ಕಿಂತ ಕೆಳಗೆ.

ಉತ್ತರ: ನೋಡಿ, ನೀವು ಬೈಯುತ್ತಿದ್ದುದು ಪ್ರೊಪೆಲರನ್ನು, ಕೂಗುತ್ತಿರುವುದು ಸೈಲೆನ್ಸರ್. ಬಿಚ್ಚಿ ಒಳಗಿನ, ಸದ್ದು ಹೀರುವ ಗ್ಲಾಸ್ ವೂಲ್ ನೋಡಿ. ಗಾಳಿ ಎಳೆಯುವ ಏರ್‌ಬಾಕ್ಸಿನ ರಬ್ಬರ್ ಸೀಳಿದೆಯಾ ಅದನ್ನೂ ನೋಡಿ.

ಆ 87ನ್ನೂ ಪೂರಾ ಬಿಡಬೇಡಿ. ನಮ್ಮ ಪ್ರೊಪೆಲರ್ ಬೆನ್ನ ಹಿಂದಿರುವುದರಿಂದ ನಮ್ಮ ಮೈ, ಟ್ಯಾಂಕು, ಕೇಜಿನ ಕಡ್ಡಿ ಎಲ್ಲ ದಾಟಿ ಕೆಟ್ಟ ಗಾಳಿ ಅದಕ್ಕೆ ಬರುತ್ತದೆ, ಆ ಸುಳಿಯನ್ನು ಅಲಗು ಕತ್ತರಿಸಿದಾಗಲೆಲ್ಲ ಒಂದು ಏಟು. ಬ್ಯಾಗು, ಬಾಟಲಿ ಅಂತ ಕೇಜಿಗೆ ಕಟ್ಟಿದ್ದೆಲ್ಲ ತೆಗೆಯಿರಿ. ಥ್ರಸ್ಟೂ ಒಂದಿಷ್ಟು ವಾಪಸ್ ಬರುತ್ತದೆ. ಮೇಲೆ ಹೋದಮೇಲೆ ಥ್ರಾಟಲ್ ಇಳಿಸಿ. ನೀವು, ಮೋಟರ್, ರೆಕ್ಕೆ ಸೇರಿ 120 ಕೆ.ಜಿ. ಅಂದರೂ ಸಮಮಟ್ಟದಲ್ಲಿ ಹೋಗಲು 20 ಕೆ.ಜಿ. ಥ್ರಸ್ಟ್ ಸಾಕು. ಕೊಟ್ಟಿಗೆಯ ಮೇಲೆ 150 ಮೀಟರ್ ಬದಲು 300ರಲ್ಲಿ ಹೋದರೆ ಕೆಳಗೆ 6 ಡೆಸಿಬಲ್ ಕಮ್ಮಿ, ದುಡ್ಡು ಸೊನ್ನೆ.

ಮೊದಲ ಪ್ರಶ್ನೆಯವರು (ಹದಿನೈದು ದಿನದ ಮೇಲೆ): ಸೈಲೆನ್ಸರ್ ಒಳಗೆ ಗ್ಲಾಸ್ ವೂಲ್ ಅನ್ನುವುದೇ ಇರಲಿಲ್ಲ, ಕರಿ ಪುಡಿ ಉದುರಿತು. ಹೊಸದು ತುಂಬಿದೆ, ಟೇಕಾಫ್ ದಿಕ್ಕನ್ನೂ ಕೆರೆಯ ಕಡೆಗೆ ತಿರುಗಿಸಿದೆ. ಹಸುಗಳು ಈಗ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತವೆ, ಮನೆಯವರು ಮಾತಾಡುವಷ್ಟಾಗಿದೆ. ಓಟ ಮಾತ್ರ ಇನ್ನೂ ಉದ್ದ ಸರ್.

ಉತ್ತರ: ಕರಾವಳಿಯ ಜೆಟ್ಟಿಂಗ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ತೂತಿನ ಸೈಜ್) ಹಾಗೇ ಇದ್ದರೆ ನಿಮ್ಮೂರಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಇನ್ನಷ್ಟು ಮಂದವಾಗಿರುತ್ತದೆ. ಫುಲ್ ಥ್ರಾಟಲ್ ಓಡಿಸಿ ನಿಲ್ಲಿಸಿದ ಮೇಲೆ ಪ್ಲಗ್ ತೆಗೆದು ಫೋಟೋ ಹಾಕಿ, ಕಪ್ಪಗಿದ್ದರೆ ಮೇನ್ ಜೆಟ್ ಒಂದು ಸೈಜ್ ಇಳಿಸೋಣ. ಹಳೇ ಜೆಟ್ ಎಸೆಯಬೇಡಿ. ಮಲ್ಪೆ ಕಡೆ ಹಾರಲು ಹೋದರೆ ಅದನ್ನೇ ವಾಪಸ್ ಹಾಕಬೇಕು, ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾದು ಸಮುದ್ರದ ಮೇಲೆ ಪಿಸ್ಟನ್ ಸೀಜ್ ಆಗಬಹುದು (ಕಚ್ಚಿಕೊಂಡು ನಿಲ್ಲಬಹುದು).